ಪ್ರಾರ್ಥನೆ ನಿಲ್ಲಿಸಿದ ಹೆಡ್‌ಮೇಷ್ಟ್ರು

ಸ್ಕೂಲಿನ ಗೇಟು ಬಂತೆಂದರೆ ಹೆಡ್‌ಮೇಷ್ಟ್ರು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೋಟಿನ ಜೇಬಿನಿಂದ ಒದ್ದೆ ಕರವಸ್ತ್ರ ತೆಗೆದು ಹಣೆಯ ವಿಭೂತಿ ಒರೆಸಿಕೊಳ್ಳುತ್ತಿದ್ದರು. ಎಷ್ಟು ಉಜ್ಜಿದರೂ ಎಡ ಹುಬ್ಬಿನ ಮೇಲೆ ಒಂದಿಷ್ಟು ಬೂದಿ ಉಳಿದುಬಿಡುತ್ತಿತ್ತು. ಅದನ್ನು ಹೇಳುವ ಧೈರ್ಯ ನಮಗ್ಯಾರಿಗೂ ಇರಲಿಲ್ಲ. ಮನೆಯಲ್ಲಿ ದಿನಾ ಒಂದು ಗಂಟೆ ಶಿವಪೂಜೆ ಮಾಡುವ ಮನುಷ್ಯ ಹೀಗೆ ಬೋಳು ಹಣೆಯಲ್ಲಿ ಒಳಗೆ ಬರುವುದೇಕೆಂದು ಯಾರಾದರೂ ಕೇಳಿದರೆ, “ದೇವ್ರು ಮನೇಲಿರ್ಲಿ, ಮಗ್ಗಿ ಇಸ್ಕೂಲಲ್ಲಿರ್ಲಿ” ಅನ್ನುತ್ತಿದ್ದರು.

ಐವತ್ತರ ದಶಕದ ಮಾತು. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ನನ್ನನ್ನು ಓದಲಿಕ್ಕೆಂದು ಕೋಲಾರದ ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿದ್ದ ಸೋದರಮಾವನ ಮನೆಗೆ ಕಳಿಸಿದ್ದರು. ಇವರು ನಮ್ಮ ಶಾಲೆಗೆ ಹೊಸದಾಗಿ ಬಂದ ಹೆಡ್‌ಮೇಷ್ಟ್ರು. ಮನೆಮಾತು ತೆಲುಗು, ಪಾಠ ಕನ್ನಡ, ಗಣಿ ಕೂಲಿಗಳ ಲೈನುಮನೆಗಳ ತಾಯಂದಿರ ಜೊತೆ ಹರಕುಮುರುಕು ತಮಿಳು. ಲೆಕ್ಕವೆಂದರೆ ಪ್ರಾಣ. ಪುಸ್ತಕದಲ್ಲಿ ಪೂಜಾರಿ ದೇವಸ್ಥಾನಕ್ಕೆ ನೂರಿಪ್ಪತ್ತು ಹೂವು ತಂದಿದ್ದರೆ, ಇವರ ಬಾಯಲ್ಲಿ ಪೂಜಾರಿ ಹೋಗಿ ಹೂವಾಡಗಿತ್ತಿ ಬರುತ್ತಿದ್ದಳು. “ಹೂವು ಯಾರ ಮುಡಿಗೇರಿದ್ರೇನಮ್ಮ, ನೀನು ಭಾಗ ಸರಿಯಾಗಿ ಮಾಡು” ಅನ್ನುವರು.

ಆಗ ಬೆಳಗಿನ ಪ್ರಾರ್ಥನೆಗೆ ನಾನೇ ಯಜಮಾನಿ. ನನ್ನ ಕಂಠ ಚೆನ್ನಾಗಿತ್ತು. ಕಲ್ಲಿನ ಮೆಟ್ಟಿಲ ಮೇಲೆ ನಿಂತು ನಾನು ಸರಸ್ವತಿಯ ಸ್ತುತಿ ಎತ್ತಿದರೆ ಇಡೀ ಶಾಲೆ ಹಿಂದೆಯೇ ಹಾಡಬೇಕು. ಇಷ್ಟವಿಲ್ಲದವರು ಹೊರಗೆ ನಿಲ್ಲಬಹುದೆಂದು ಹಿಂದಿನ ಹೆಡ್‌ಮೇಷ್ಟ್ರು ಅಪ್ಪಣೆ ಕೊಟ್ಟಿದ್ದರು. ಅದು ದೊಡ್ಡ ಔದಾರ್ಯವೆಂದೇ ಎಲ್ಲರ ಭಾವನೆ. ಹಾಗೆ ದಿನಾ ಮೂವರು ಹೊಂಗೆ ಮರದ ಕೆಳಗೆ ನಿಲ್ಲುತ್ತಿದ್ದರು. ಇಬ್ಬರು ಸಾಬರ ಹುಡುಗರು. ಇನ್ನೊಬ್ಬಳು ನನ್ನ ಪಕ್ಕದಲ್ಲೇ ಕೂರುವ ಗೆಳತಿ. ಅವಳದು ತಮಿಳು ಕ್ರಿಶ್ಚಿಯನ್ ಮನೆ, ಅಪ್ಪ ಗಣಿಯ ತಳದಲ್ಲಿ ಕೂಲಿ.

ಹೊಸ ಹೆಡ್‌ಮೇಷ್ಟ್ರು ಬಂದ ಮೂರನೇ ದಿನ, ನಾನು ಹಾಡು ಎತ್ತಿದ ಮೇಲೆ ನೋಡುತ್ತೇನೆ, ಅವರೂ ಹೋಗಿ ಆ ಮೂವರ ಸಾಲಿನಲ್ಲಿ ನಾಲ್ಕನೆಯವರಾಗಿ ನಿಂತಿದ್ದಾರೆ! ನನ್ನ ಶ್ರುತಿ ಕೆಟ್ಟುಹೋಯಿತು. ಒಂದು ವಾರ ಹೀಗೇ ನಡೆಯಿತು. ಆಮೇಲೆ ನನ್ನನ್ನು ಕರೆದು, “ಚೆನ್ನಾಗಿ ಹಾಡ್ತೀಯ ಕಣಮ್ಮ. ಆದ್ರೆ ನೀನು ಹಾಡೋ ಹೊತ್ನಲ್ಲಿ ಮೂರು ಮಕ್ಕಳು ಆಚೆ ನಿಂತವ್ರೆ. ನಂಗದು ನೋಡೋಕಾಗಲ್ಲ. ನಾಳೆಯಿಂದ ಹಾಡು ಬ್ಯಾಡ, ಎಲ್ರೂ ಒಟ್ಟಿಗೆ ಒಂದು ನಿಮಿಷ ಸುಮ್ನೆ ನಿಲ್ಲಾಣ” ಅಂದರು.

ನಾನು ಅಳುತ್ತಾ ಮನೆಗೆ ಹೋದೆ. ಮಾವನಿಗೆ ಮೂಗಿನ ತುದಿಯಲ್ಲೇ ಕೋಪ. ನಾಲ್ಕು ಜನರನ್ನು ಕಟ್ಟಿಕೊಂಡು ಶಾಲೆಗೆ ಬಂದ. “ಏನ್ ಸಾರ್, ಸರಸ್ವತಿ ಇಲ್ದಿರಾ ಇಸ್ಕೂಲು ನಡೀತದಾ?”

“ನಾನು ಯಾರನ್ನೂ ಆಚೆ ಕಳಿಸಿಲ್ಲಪ್ಪ. ಆಚೆ ಇದ್ದೋರ್ನ ಒಳಗೆ ಕರ್ಕೊಂಡೆ, ಅಷ್ಟೇ.”

ಮಾವನ ಕಿವಿಗೆ ಅದು ಹೋಗಲಿಲ್ಲ. ನಾಸ್ತಿಕ ಹೆಡ್‌ಮೇಷ್ಟ್ರನ್ನು ವರ್ಗ ಮಾಡಿ ಎಂದು ಮೇಲಕ್ಕೆ ಅರ್ಜಿ ಹೋಯಿತು. ಶಾಲಾ ಇನ್‌ಸ್ಪೆಕ್ಟರು ವಿಚಾರಣೆಗೆ ಬರುತ್ತಾರೆಂದೂ ಸಾಕ್ಷಿ ನಾನೇ ಎಂದೂ ಗೊತ್ತಾಯಿತು.

ಅವರು ಬರುವುದಕ್ಕೆ ಎರಡು ದಿನ ಮುಂಚೆ ಮಧ್ಯಾಹ್ನ ನೆಲ ನಡುಗಿತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಹಾಗಾಗುತ್ತದೆ. ನಮ್ಮಲ್ಲಿ ಅದಕ್ಕೆ ಏರ್‌ಬ್ಲಾಸ್ಟ್ ಅನ್ನುತ್ತಾರೆ. ಗೋಡೆಯ ಸುಣ್ಣ ಉದುರಿತು. ಮರುಕ್ಷಣ ಕ್ಲಾಸಿನ ಅರ್ಧ ಮಕ್ಕಳ ಮುಖ ಬಿಳಿಚಿತು, ಅವರ ಅಪ್ಪಂದಿರೆಲ್ಲ ಕೆಳಗಿದ್ದರು. ಹೆಡ್‌ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. “ಯಾರ್ಯಾರ್ಗೆ ಯಾವ್ಯಾವ ದೇವ್ರೋ ಕೂಗ್ರಪ್ಪ. ಜೋರಾಗೇ ಕೂಗ್ರಿ.”

ನನ್ನ ಗೆಳತಿ ನನ್ನ ಕೈಯನ್ನು ನೋಯುವಂತೆ ಹಿಡಿದುಕೊಂಡು “ಮಾತಾವೇ, ಅಪ್ಪಾವ ಕಾಪ್ಪಾತ್ತು” ಎಂದು, ಅಪ್ಪನನ್ನು ಕಾಪಾಡೆಂದು ತನ್ನ ಇಗರ್ಜಿಯ ಮಾತೆಗೆ ಮೊರೆಯಿಟ್ಟಳು. ಉಳಿದ ಮಕ್ಕಳು ಅಲ್ಲಾನನ್ನೂ ಮುರುಗನನ್ನೂ ವೆಂಕಟರಮಣನನ್ನೂ ಒಂದೇ ಕೋಣೆಯಲ್ಲಿ ಕೂಗುತ್ತಿದ್ದರು. ಬಾಗಿಲಲ್ಲಿ ನಿಂತ ಹೆಡ್‌ಮೇಷ್ಟ್ರ ಕಣ್ಣಲ್ಲಿ ನೀರಿತ್ತು, ತುಟಿ “ಶಿವಾ, ಶಿವಾ” ಅನ್ನುತ್ತಿತ್ತು. ಸಂಜೆ ಗೆಳತಿಯ ಅಪ್ಪ ಮೇಲೆ ಬಂದ. ತೋಳು ಮುರಿದಿತ್ತು, ಜೀವ ಉಳಿದಿತ್ತು.

ವಿಚಾರಣೆಯ ದಿನ ಮಾವ ನನ್ನ ಜಡೆ ತಾನೇ ಸರಿಮಾಡುತ್ತಾ ಹೇಳಿಕೊಟ್ಟ: “ಪ್ರಾರ್ಥನೆ ನಿಲ್ಸುದ್ರು ಅಂತ ಯೋಳು. ಅಷ್ಟೇ. ಎಚ್ಗೆ ಮಾತಾಡ್ಬ್ಯಾಡ.”

ಇನ್‌ಸ್ಪೆಕ್ಟರು ಕೇಳಿದರು: “ದೇವರ ಹಾಡು ಬೇಡ ಅಂದರೇನಮ್ಮ ನಿಮ್ಮ ಮೇಷ್ಟ್ರು?”

“ಹೂಂ ಸಾರ್, ಬ್ಯಾಡ ಅಂದ್ರು.”

ಹೊಂಗೆ ಮರದ ಮಾತು, ಆ ಮಧ್ಯಾಹ್ನದ ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಬಾಗಿಲಾಚೆ ಮಾವ ನಿಂತಿದ್ದ. ನಾನು ತಲೆ ತಗ್ಗಿಸಿದೆ. ಹೆಡ್‌ಮೇಷ್ಟ್ರು ನನ್ನ ಕಡೆ ನೋಡಲೂ ಇಲ್ಲ, ತಾವಾಗಿ ಒಂದು ಮಾತು ಸೇರಿಸಲೂ ಇಲ್ಲ. ತಿಂಗಳೊಳಗೆ ಅವರಿಗೆ ದೂರದ ಊರಿಗೆ ವರ್ಗವಾಯಿತು. ಹೊಸಬರು ಬಂದು ನನ್ನನ್ನು ಮತ್ತೆ ಮೆಟ್ಟಿಲು ಹತ್ತಲು ಕರೆದಾಗ ಗಂಟಲು ಕಟ್ಟಿದೆ ಎಂದೆ. ವರ್ಷವಿಡೀ ಅದೇ ಮಾತು. ಅತ್ತೆ ಕುಡಿಸಿದ ಮೆಣಸಿನ ಕಷಾಯಕ್ಕೆ ಲೆಕ್ಕವೇ ಇಲ್ಲ.

ಅರವತ್ತರ ದಶಕದಲ್ಲಿ, ನಾನೂ ಟೀಚರಾದ ಮೇಲೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಅವರು ಸಿಕ್ಕರು. ತುಂಬ ಇಳಿದುಹೋಗಿದ್ದರು. ಕಾಲಿಗೆ ಬಿದ್ದು, “ಸಾರ್, ಅವತ್ತು ನಾನು ಪೂರ್ತಿ ಹೇಳ್ಲಿಲ್ಲ” ಅಂದೆ. ನನಗೆ ಅಳು ತಡೆಯಲಾಗಲಿಲ್ಲ.

“ನೀನು ಹೇಳಿದ್ದು ನಿಜಾನೇ ಅಲ್ಲೇನಮ್ಮ? ಬ್ಯಾಡ ಅಂದೋನು ನಾನೇ ತಾನೆ. ಹನ್ನೊಂದು ವರ್ಷದ ಕೂಸು ಅಷ್ಟೆಲ್ಲ ಹೆಂಗೆ ಹೇಳ್ತದೆ? ಈಗ ದೊಡ್ಡೋಳಾಗಿದೀಯ. ಯಾರಾದ್ರೂ ಕೇಳಿದ್ರೆ ಹೇಳು.”

ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂತು. ಅಂದಿನಿಂದ ಇಂದಿನವರೆಗೆ ನನ್ನನ್ನು ಯಾರೂ ಕೇಳಲಿಲ್ಲ. ಕೇಳುವವರೆಗೆ ಕಾಯುವ ವಯಸ್ಸು ಈಗ ನನ್ನದಲ್ಲ. ಹೇಳಿದ್ದೇನೆ, ಸಾರ್.