ಪಕ್ಕದ ಮನೆಯ ಬೆಳ್ಳಿ

ಅಲಮೇಲು ಯಾರನ್ನೂ ಅಷ್ಟು ಸುಲಭಕ್ಕೆ ನಂಬುವವರಲ್ಲ. ಗಂಡ ತೀರಿಕೊಂಡ ವಾರವೇ ಪುಳಿಯೋಗರೆ ಹಿಡಿದು ಸಂತಾಪಕ್ಕೆ ಬಂದ ಪರಿಚಿತನೊಬ್ಬ, ಹೊರಡುವಾಗ "ಮನೆ ಮಾರೋ ಯೋಚ್ನೆ ಇದ್ಯಾ ಆಂಟಿ?" ಎಂದು ಕೇಳಿದ್ದ. ಅಂದಿನಿಂದ ಉಪಕಾರ ಎಂದರೆ ಅವರಿಗೆ ದಿಗಿಲು.

ಹಾಗಾಗಿ ತಾವಿದ್ದ ಮೆಟುಚೆನ್ ಊರಿನಲ್ಲಿ ಪಕ್ಕದ ಮನೆಯ ರೂತ್ ಜಾರಿಬಿದ್ದು ಸೊಂಟ ಮುರಿದುಕೊಂಡಾಗ, ಅಲ್ಲಿಗೆ ಬರತೊಡಗಿದ ಕಾರುಗಳು ಅಲಮೇಲು ಅವರ ನೆಮ್ಮದಿ ಕೆಡಿಸಿದವು. ದಿನಕ್ಕೊಂದು ಹೊಸ ಮುಖ. ಯಹೂದಿ ಹೆಂಗಸು ರೂತ್‌ಗೆ ಮಕ್ಕಳಿಲ್ಲ, ಮನೆಯೋ ರೈಲ್ವೆ ಸ್ಟೇಷನ್ನಿನ ಪಕ್ಕದ್ದು, ಒಳ್ಳೆ ಬೆಲೆ ಬಾಳುವಂಥದ್ದು.

"ಅವ್ರೆಲ್ಲ ರೂತ್ ಪ್ರಾರ್ಥನೆಗೆ ಹೋಗೋ ಸಿನಗಾಗ್‌ನವ್ರು ಅಮ್ಮಾ. ಪ್ಲೀಸ್, ಸ್ಟೇ ಔಟ್ ಆಫ್ ಇಟ್," ಎಂದಳು ಮಗಳು ಸಂಹಿತಾ ಫೋನಿನಲ್ಲಿ.

"ಪ್ರಾರ್ಥನೆ ಮಾಡೋರೆಲ್ಲ ಸಾಚಾನಾ? ದೇವಸ್ಥಾನದಲ್ಲೂ ಚಪ್ಪಲಿ ಕಳುವಾಗತ್ತೆ ಕಣೆ."

ಒಂದು ಶುಕ್ರವಾರ ಮಧ್ಯಾಹ್ನ ಗಡ್ಡದ ಆಸಾಮಿಯೊಬ್ಬ ಎರಡು ಪುಟ್ಟ ಬೆಳ್ಳಿ ದೀಪದ ಕಂಬಗಳನ್ನು ಟವೆಲಿನಲ್ಲಿ ಸುತ್ತುತ್ತ ರೂತ್ ಮನೆಯಿಂದ ಹೊರಬಂದ. ರೂತ್ ಶುಕ್ರವಾರದ ಸಂಜೆಗಳಲ್ಲಿ ಮೇಣದಬತ್ತಿ ಹಚ್ಚಿಡುತ್ತಿದ್ದ ಕಂಬಗಳು! ಅಲಮೇಲು ಓಡಿಹೋಗಿ ಕಾರಿಗೆ ಅಡ್ಡ ನಿಂತರು.

"ಎಲ್ಲಿಗೆ ಒಯ್ಯುತ್ತಿದ್ದೀರಿ?"

"ಲೆನರ್ಡ್ ಮನೆಗೆ. ರೂತ್ ಕಳಿಸಿದ್ದಾರೆ." ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. ಪಳಗಿದ ಕೈಯೇ ಇರಬೇಕು ಎಂದುಕೊಂಡ ಅಲಮೇಲು ತಮ್ಮ ಕಾರು ತೆಗೆದು ಬೆನ್ನುಹತ್ತಿದರು.

ಪಕ್ಕದ ಊರು ಎಡಿಸನ್ನಿನ ಅಪಾರ್ಟ್‌ಮೆಂಟೊಂದರ ಮುಂದೆ ಆತ ಇಳಿದು, ಹಿಂದೆ ಬಂದವರಿಗೂ ಬಾಗಿಲು ಹಿಡಿದು ನಿಂತ. ಒಳಗೆ ಒಂದು ಹಾಸಿಗೆ, ಒಂದು ಮಡಚುವ ಮೇಜು, ಕೈಗೆ ಬ್ಯಾಂಡೇಜ್ ಸುತ್ತಿದ ಮುದುಕ. "ಇವರೇ ಲೆನರ್ಡ್, ನಮ್ಮ ಸಿನಗಾಗ್‌ನವರು. ಬೆಂಕಿ ಬಿದ್ದು ಮನೆಯೆಲ್ಲ ಸುಟ್ಟುಹೋಯಿತು," ಎಂದ ಗಡ್ಡದವ. ಕಂಬಗಳನ್ನು ಮೇಜಿನ ಮೇಲಿಡುವಷ್ಟರಲ್ಲಿ ಮುದುಕನಿಗೆ ಫೋನ್ ಬಂತು. ಸ್ಪೀಕರಿನಲ್ಲಿ ರೂತ್ ದನಿ.

"ಲೆನ್, ಇವತ್ತಾದರೂ ಊಟ ಮಾಡಿದೆಯಾ?"

"ಮೊದಲು ನೀನು ಹೇಳು. ವಾಕರ್ ಹಿಡಿದು ನಡೆದೆಯಾ?"

ಅವನೂ ಉಂಡಿರಲಿಲ್ಲ, ಅವಳೂ ನಡೆದಿರಲಿಲ್ಲ. ಗಡ್ಡದವ ನಕ್ಕ. ಅಲಮೇಲು ಅವರಿಗೆ ನಗು ಬರಲಿಲ್ಲ. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಸಂಜೆ ಅವರು ರೂತ್ ಬಳಿ ಕೂತು ನಡೆದದ್ದನ್ನೆಲ್ಲ ಹೇಳಿದರು. ಆದರೂ ತಡೆಯಲಾರದೆ, "ಆ ಕಂಬಗಳು ವಾಪಸ್ ಬರದಿದ್ದರೆ?" ಎಂದರು.

"ಬರದಿದ್ದರೆ ಅಲ್ಲೇ ಉರಿಯುತ್ತವೆ," ಎಂದಳು ರೂತ್. "ಗುರುವಾರ ನನ್ನನ್ನು ನಡೆಸುವವರಿಲ್ಲ. ನೀನು ಬರುತ್ತೀಯಾ?"

ಅವರ ಸಿನಗಾಗ್‌ನವಳಲ್ಲದ ನನ್ನನ್ನೇ ಯಾಕೆ ಕೇಳಿದಳು, ಇವಳಿಗೇನು ಬೇಕಿದೆ ಎಂದು ಅಲಮೇಲು ನಾಲ್ಕೈದು ದಿನ ತಲೆ ಕೆಡಿಸಿಕೊಂಡರು. ಆದರೂ ಗುರುವಾರ ಬೆಳಿಗ್ಗೆ ಶೂ ಕಟ್ಟಿಕೊಂಡು ಹೊರಟರು. ರೂತ್, ಅಲಮೇಲು ಅವರ ತೋಳಿಗೆ ಭಾರ ಬಿಟ್ಟು, ಹಾಲ್ ದಾಟಿ ಅಡುಗೆಮನೆಯವರೆಗೂ ನಡೆದಳು.