ಸಾದಾ ಪೆಟ್ರೋಲು ಹಾಕಿಸಿದವಳು

ರೀ, ನಮ್ಮ ಕಾರಿಗೆ ನಾನು ಸಾದಾ ಪೆಟ್ರೋಲನ್ನೇ ಹಾಕಿಸುತ್ತಿದ್ದೆ. ಒಂದೆರಡು ಸಲ ಅಲ್ಲ — ವರ್ಷಗಟ್ಟಲೆ. ನೀವು ಕೇಳಿದಾಗಲೆಲ್ಲ "ಹೂಂ ರೀ, ಹೈ ಆಕ್ಟೇನ್ ಹಾಕ್ಸೇನಿ" ಎಂದು ಕಣ್ಣು ಮಿಟುಕಿಸದೆ ಹೇಳುತ್ತಿದ್ದೆ. ಆ ಸುಳ್ಳಿನ ಏಟು ಬಿದ್ದದ್ದು ನನ್ನ ಅಣ್ಣ ಸುರೇಶನಿಗೆ.

ಶುರುವಾದದ್ದು ಸೋಮಾರಿತನದಿಂದ. ವಾರವೆಲ್ಲ ಕಾರು ನನ್ನ ಕೈಯಲ್ಲಿ, ಭಾನುವಾರ ನಿಮ್ಮ ಕೈಯಲ್ಲಿ. ಫೋಂಡಾದ ನನ್ನ ಆಫೀಸಿನ ಪಕ್ಕದ ಬಂಕಿನಲ್ಲಿ ಸಾದಾ ಮಾತ್ರ ಸಿಗುತ್ತಿತ್ತು. ನಿಮ್ಮ ಆ ದುಬಾರಿ ಹೈ ಆಕ್ಟೇನ್ ಪೆಟ್ರೋಲಿಗೆ ಊರಾಚೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಜೊತೆಗೆ, ನೀವು ಎಂದೂ ತೆರೆಯದ ಕಾರಿನ ಕೈಪಿಡಿಯನ್ನು ನಾನು ಓದಿದ್ದೆ. ಸಾದಾ ಸಾಕು ಎಂದೇ ಅದರಲ್ಲಿತ್ತು. ಆಕ್ಟೇನ್ ಎಂದರೆ ಶಕ್ತಿಯಲ್ಲ. ಎಂಜಿನ್ನಿನ ಒತ್ತಡದಲ್ಲಿ ಪೆಟ್ರೋಲು ಹೊತ್ತಿಗೆ ಮುಂಚೆ ತಾನಾಗಿ ಹೊತ್ತಿಕೊಳ್ಳದೆ ತಾಳುವ ಗುಣ, ಅಷ್ಟೇ. ಒತ್ತಡ ಹೆಚ್ಚಿರುವ ದೊಡ್ಡ ಎಂಜಿನ್ನುಗಳಿಗೆ ಅದು ಬೇಕೇ ಬೇಕು, ಇಲ್ಲದಿದ್ದರೆ ಟಕಟಕ ಬಡಿದುಕೊಳ್ಳುತ್ತವೆ. ನಮ್ಮದಕ್ಕೆ ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಹೇಳಬಹುದಿತ್ತು. ಆದರೆ ಗೋವಾದಿಂದ ಧಾರವಾಡದ ಕಡೆ ಹೋಗುವಾಗ ಅನಮೋಡ ಘಾಟಿನ ಬುಡ ಬಂದ ಕೂಡಲೇ ನೀವು ಎಸಿ ಆರಿಸಿ, ಎಲ್ಲರ ಬಾಯಿ ಮುಚ್ಚಿಸಿ, ಸದ್ದಿಗೆ ಕಿವಿಗೊಟ್ಟು — "ಹೆಂಗ ಏರಾಕತ್ತೈತಿ ನೋಡ! ಎಲ್ಲಾ ಪೆಟ್ರೋಲಿನ ಗುಣಾ!" ಎನ್ನುವಾಗ ನಿಮ್ಮ ಮುಖ... ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಒಳಗೊಳಗೇ ನಗುವೂ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಆಮೇಲೆ ಆ ಬೇಸಿಗೆ ಬಂತು. ಧಾರವಾಡದ ಮದುವೆಗೆ ಹೊರಟಿದ್ದೆವು. ವಾಸ್ಕೋದಿಂದ ಅಣ್ಣ ತನ್ನ ಎರಡು ಮಕ್ಕಳೊಂದಿಗೆ ಬಂದಿದ್ದ. ಟ್ಯಾಂಕು ತುಂಬಿಸಲು ನೀವು ಅವನನ್ನೇ ಕಳಿಸಿದಿರಿ. ಅವನು ಸಾಲಿನಲ್ಲಿ ನಿಂತು ಹೈ ಆಕ್ಟೇನನ್ನೇ ಹಾಕಿಸಿಕೊಂಡು ಬಂದ. ಅವನು ಸುಳ್ಳು ಹೇಳುವವನಲ್ಲ. ಆ ವಿದ್ಯೆ ನಮ್ಮ ತವರಿನಲ್ಲಿ ನನಗೊಬ್ಬಳಿಗೇ ಒಲಿದದ್ದು.

ಐದು ಜನ, ಡಿಕ್ಕಿ ತುಂಬ ತೆಂಗಿನಕಾಯಿ, ಮಕ್ಕಳಿಗೆ ಸೆಕೆಯೆಂದು ಎಸಿ ಬೇರೆ. ಘಾಟಿನಲ್ಲಿ ಕಾರು ಏದುಸಿರು ಬಿಟ್ಟಿತು. ನೀವು ಸಿಟ್ಟಿನಿಂದ ಅಂದಿರಿ, "ಸುರೇಶ ಅವ್ರ, ಸಾದಾ ಹಾಕ್ಸಿ ಹೈ ಆಕ್ಟೇನ್ ಅಂತ ಹೇಳೀರಲ್ಲ? ಖರೇ ಹೇಳ್ರಿ!"

"ಇಲ್ರೀ, ನೀವು ಹೇಳಿದ್ದನ್ನ ಹಾಕ್ಸೇನ್ರೀ."

ನೀವು ನಂಬಲಿಲ್ಲ. ಮಕ್ಕಳು ಅಪ್ಪನ ಮುಖ ನೋಡಿದವು. ನನ್ನದು ಒಂದೇ ಮಾತು ಸಾಕಿತ್ತು — ಇಷ್ಟು ದಿನ ಸಾದಾದಲ್ಲೇ ಏರಿದ ಕಾರಿದು, ಇದು ಭಾರದ ತೊಂದರೆ ಎಂದು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ.

ಮಧ್ಯಾಹ್ನದ ಊಟದ ಹೊತ್ತಿಗೆ ನೀವು ಅದನ್ನು ಮರೆತಿರಿ. ಅಣ್ಣನೂ ಮತ್ತೆ ಆ ಮಾತು ಎತ್ತಲಿಲ್ಲ. ಇಂದಿಗೂ ನೀವಿಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಹರಟುತ್ತೀರಿ, ನೋಡಿದರೆ ನನಗೆ ಹೊಟ್ಟೆ ತುಂಬುತ್ತದೆ. ಆದರೆ ನೀವು ಕಾರಿನ ಕೀಲಿ ಚಾಚಿದರೆ ಅವನು "ನೀವ ನಡಸ್ರಿ" ಎನ್ನುತ್ತಾನಲ್ಲ — ಅದನ್ನು ನೀವು ಸಂಕೋಚ ಅಂದುಕೊಂಡಿದ್ದೀರಿ.

ನಮ್ಮ ಸಂಸಾರ ಚೆನ್ನಾಗಿಯೇ ನಡೆದಿದೆ. ಇದೊಂದನ್ನು ಬಿಟ್ಟರೆ ಕೊರಗುವಂಥದ್ದೇನೂ ನನಗಿಲ್ಲ. ಈ ಭಾನುವಾರ ಅಣ್ಣ ಮಕ್ಕಳೊಂದಿಗೆ ಊಟಕ್ಕೆ ಬರುತ್ತಾನೆ. ನಿಮ್ಮೊಬ್ಬರಿಗೆ ಹೇಳಿದರೆ ಸಾಲದು. ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರ ಎದುರಿಗೇ ಹೇಳುತ್ತೇನೆ — ಅವತ್ತು ಆ ಕಾರಿನಲ್ಲಿದ್ದ ಸುಳ್ಳುಗಾರರು ಅವರ ಅಪ್ಪ ಅಲ್ಲ, ಅತ್ತೆ ಎಂದು.