ನೇತ್ರಾಳ ಪುಟ ತಿರುಗಿಸಿದ ರಾತ್ರಿ

ಕಂಪ್ಯೂಟರ್ ಕೆಲಸದವನು ಇಂಥದ್ದನ್ನು ಹೇಳಲು ಕೂತರೆ ಜನ ಮೊದಲು ಅವನ ಬಾಯಿಯ ವಾಸನೆ ನೋಡುತ್ತಾರೆ. ನೋಡಲಿ. ನಾನು ಕುಡಿಯುವವನಲ್ಲ. ದೆವ್ವ, ಭೂತ ಎಂದವರನ್ನು ಎದುರಿಗೇ ಗೇಲಿ ಮಾಡುತ್ತಿದ್ದವನು. ಈಗಲೂ ದೆವ್ವ ಇದೆ ಎಂದು ನಾನು ಹೇಳುತ್ತಿಲ್ಲ. ಆ ರಾತ್ರಿ ನನ್ನ ಕಣ್ಣಿಗೆ ಬಿದ್ದದ್ದು, ಕಿವಿಗೆ ಬಿದ್ದದ್ದು ಇಷ್ಟು. ಹೆಸರುಗಳನ್ನು ಬಿಟ್ಟರೆ ಬೇರೇನನ್ನೂ ಬದಲಿಸಿಲ್ಲ.

ಕಾರವಾರಕ್ಕೆ ಬ್ರಾಡ್‌ಬ್ಯಾಂಡ್ ಬಂದ ಹೊಸದು. ಹಬ್ಬುವಾಡದಲ್ಲಿ ಅಂಗಡಿಯೊಂದರ ಮಹಡಿಯ ಕೋಣೆ ಹಿಡಿದು ನಾನು ವಧೂ-ವರರ ವೆಬ್‌ಸೈಟ್ ನಡೆಸುತ್ತಿದ್ದೆ. ಕಾರವಾರ, ಅಂಕೋಲಾ ಕಡೆಯ ದೋಣಿಯವರು, ಮೀನು ವ್ಯಾಪಾರದವರು, ಗದ್ದೆ ಇದ್ದವರು ಎಲ್ಲರೂ ಬರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಪುಟ. ಫೋಟೋ, ಓದು, ಮನೆತನ. ಸ್ನೇಹಿತರು ನನ್ನನ್ನು ‘ಕರೆಂಟಿನ ದಲ್ಲಾಳಿ’ ಎಂದು ಕಾಡಿಸುತ್ತಿದ್ದರು.

ಅಂಕೋಲೆಯ ಕಡಲದಂಡೆಯ ವಾಸುದೇವಣ್ಣನ ಹಿರಿಮಗಳು ನೇತ್ರಾ. ಆಕೆಯ ಸಂಬಂಧ ಕುದುರಿದ್ದು ನಮ್ಮ ಸೈಟಿನಿಂದಲೇ. ಹುಡುಗ ಹೊಳೆಯಂಚಿನ ಕದ್ವಾಡದ ದಿನೇಶ. ಅನುಕೂಲಸ್ಥರ ಮನೆ, ಮಾತು ಬಲು ಮೃದು. ಮದುವೆಗೆ ಮೊದಲು ಹಬ್ಬದ ಊಟಕ್ಕೆಂದು ಆ ಮನೆಗೆ ಹೋದ ನೇತ್ರಾ ವಾಪಸು ಬರಲಿಲ್ಲ. ಸಂಜೆ ಒಬ್ಬಳೇ ಹೊಳೆಯ ಕಡೆ ಹೋದಳಂತೆ, ಕಾಲು ಜಾರಿತಂತೆ... ಆ ಹೊತ್ತಿಗೆ ತಾನು ಪೇಟೆಯಲ್ಲಿದ್ದೆ ಎಂದು ದಿನೇಶ ಎಲ್ಲರೆದುರು ಎದೆ ಬಡಿದುಕೊಂಡು ಅತ್ತ. ಹೆಣ ಮರುದಿನ ಸಿಕ್ಕಿತು. ಕಡಲದಂಡೆಯಲ್ಲೇ ಹುಟ್ಟಿ ಬೆಳೆದ ಹುಡುಗಿ ಹೊಳೆಯಲ್ಲಿ ಮುಳುಗಿದಳೆಂದರೆ ಕೆಲವರಿಗೆ ನಂಬಿಕೆ ಬರಲಿಲ್ಲ. ಆದರೆ ಬಾಯಿ ಬಿಟ್ಟು ಹೇಳಿದವರಿಲ್ಲ.

ವರ್ಷ ತುಂಬುವುದರೊಳಗೆ ವಾಸುದೇವಣ್ಣ ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದ. ಜೊತೆಗೆ ಕಿರಿಮಗಳು ಸವಿತಾ.

“ತಮಾ, ಒಂದ್ ಕೆಲ್ಸ ಆಗಬೇಕಿತ್ತು. ಸವಿತಾನ್ನ ದಿನೇಶಗೇ ಕೊಡೂದು ಅಂತ ಆಗದೆ. ನಾಳೆ ಬೆಳಿಗ್ಗೆ ನಿಶ್ಚಿತಾರ್ಥ.”

ಅಕ್ಕ ತೀರಿಕೊಂಡರೆ ಅದೇ ಮನೆಗೆ ತಂಗಿಯನ್ನು ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಆದರೂ ನಾನು ಸವಿತಾಳ ಮುಖ ನೋಡಿದೆ. ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು.

“ಹುಡುಗನ ಕಡಿ ನೆಂಟ್ರು ದುಬೈಲಿ, ಮುಂಬೈಲಿ ಇದಾರೆ. ಎಲ್ಲರ ಹತ್ರ ನೇತ್ರಾನ ಪುಟದ್ದೇ ವಿಳಾಸ ಅದೆ. ಶುಭಕಾರ್ಯದ ಹೊತ್ನಲ್ಲಿ ಅದ್ನ ತೆಗದ್ರೆ ಸತ್ತವಳ ಮುಖ ಬರೂದು ಬ್ಯಾಡ. ಸವಿತಾನ ಮುಖ ಬರಬೇಕು. ಹಂಗ್ ಮಾಡೂಕೆ ಆಗ್ತದ್ಯೋ?”

“ಆಗ್ತದೆ ವಾಸುದೇವಣ್ಣ. ಒಂದು ನಿಯಮ ಬರೆದಿಟ್ರೆ ಸರ್ವರ್ ತಾನಾಗೇ ಆ ವಿಳಾಸದಿಂದ ಈ ವಿಳಾಸಕ್ಕೆ ತಿರುಗಿಸ್ತದೆ. ಸದ್ಯಕ್ಕೆ ಅಂತ ತಿರುಗಿಸ್ಬೇಕೋ, ಕಾಯಂ ತಿರುಗಿಸ್ಬೇಕೋ?”

“ಕಾಯಂ ಮಾಡು.”

ತಂದೆ ಮೆಟ್ಟಿಲಿಳಿದ ಮೇಲೆ ಸವಿತಾ ಬಾಗಿಲಲ್ಲೇ ನಿಂತು ಮೆಲ್ಲಗೆ ಕೇಳಿದಳು.

“ಅಣ್ಣಾ... ಅಕ್ಕನ್ ಜಾಗಕ್ಕೆ ನನ್ನ ಹಾಕೂಕೆ ಎಲ್ಲರೂ ಒಪ್ಪಿದ್ರು. ಅಕ್ಕ ಒಪ್ಪಿದ್ಲು ಅಂತ ತಿಳ್ದೀರ?”

ಕೆಳಗಿನಿಂದ ತಂದೆ ಕರೆದ, ಆಕೆ ಹೋದಳು.

ಸಂಜೆಯಿಡೀ ಕರೆಂಟ್ ಇರಲಿಲ್ಲ. ಬಂದಾಗ ಕೆಳಗಿನ ಅಂಗಡಿ ಮುಚ್ಚಿ, ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಇರಲಿಲ್ಲ. ಬೆಳಗಾಗುವುದರೊಳಗೆ ಕೆಲಸ ಮುಗಿಯಬೇಕಲ್ಲ ಎಂದು ಗೊಣಗುತ್ತಲೇ ಕೂತೆ. ನೇತ್ರಾಳ ಪುಟವನ್ನು ಅಳಿಸಿದೆ, ಫೋಟೋ ಅಳಿಸಿದೆ. ಸವಿತಾಳಿಗೊಂದು ಪುಟ ಮಾಡಿ ನಿಯಮ ಬರೆದೆ. ನೇತ್ರಾಳ ವಿಳಾಸ ಕೊಟ್ಟು ಪರೀಕ್ಷಿಸಿದೆ. ಸವಿತಾಳ ಫೋಟೋ ಬಂತು. ಸರಿಯಾಗಿಯೇ ಇತ್ತು.

ಸರ್ವರ್ ತನ್ನನ್ನು ಯಾರು ಏನು ಕೇಳಿದರು, ತಾನು ಏನು ಉತ್ತರ ಕೊಟ್ಟೆ ಎಂಬುದನ್ನು ಒಂದೊಂದು ಸಾಲಿನಲ್ಲಿ ಬರೆದಿಡುತ್ತದೆ. ಕೇಳಿದವರ ಸಂಪರ್ಕಕ್ಕೆ ಒಂದು ನಂಬರ್, ಉತ್ತರಕ್ಕೆ ಒಂದು ಅಂಕಿ. 200 ಎಂದರೆ ಕೇಳಿದ ಪುಟ ಇದೆ, ಕೊಟ್ಟಿದ್ದೇನೆ. 301 ಎಂದರೆ ಅದು ಕಾಯಂ ಆಗಿ ಬೇರೆ ಕಡೆ ಹೋಗಿದೆ, ಅಲ್ಲಿಗೆ ಹೋಗಿ. ನಾನು ಪರೀಕ್ಷಿಸಿದ ಸಾಲಿನಲ್ಲಿ 301 ಎಂದೇ ಇತ್ತು. ಕಂಪ್ಯೂಟರ್ ಮುಚ್ಚಿ ಮನೆಗೆ ಹೋಗೋಣ ಎಂದು ಎದ್ದೆ...

ಅಷ್ಟರಲ್ಲಿ ಹೊಸ ಸಾಲು ಬಂತು. ಯಾರೋ ನೇತ್ರಾಳ ಪುಟ ಕೇಳಿದ್ದರು. ಉತ್ತರ 200.

ಇಲ್ಲದ ಪುಟವನ್ನು ಕೊಟ್ಟೆ ಅನ್ನುತ್ತಿದೆಯಲ್ಲ! ನಿಯಮದಲ್ಲೇ ಎಲ್ಲೋ ತಪ್ಪಿದೆ ಎಂದು ನನ್ನನ್ನೇ ಬೈದುಕೊಂಡು ಮತ್ತೆ ಓದಿದೆ. ತಪ್ಪಿರಲಿಲ್ಲ. ಮತ್ತೆ ನಾನೇ ಕೇಳಿ ನೋಡಿದೆ. ನನಗೆ 301, ಸವಿತಾಳ ಫೋಟೋ. ಅದೇ ಹೊತ್ತಿಗೆ ಆ ಇನ್ನೊಬ್ಬರು ಮತ್ತೆ ಕೇಳಿದರು. ಅವರಿಗೆ 200. ಮತ್ತೆ ಕೇಳಿದರು. 200... 200...

ಆಮೇಲೆ ಅವರು ನೇರವಾಗಿ ಸವಿತಾಳ ವಿಳಾಸವನ್ನೇ ಕೇಳಿದರು. ಉತ್ತರ 403.

ನಿನಗೆ ಇಲ್ಲಿ ಪ್ರವೇಶವಿಲ್ಲ ಎಂದು ಅದರ ಅರ್ಥ. ಅಂಥ ನಿಯಮವನ್ನು ನಾನು ಬರೆದೇ ಇರಲಿಲ್ಲ. ಯಾರನ್ನು ತಡೆಯಬೇಕೆಂದು ಬರೆಯುವುದು? ಅದೇ ಪುಟವನ್ನು ಮುಂಬೈ ಕಡೆಯ ಮತ್ಯಾರೋ ಕೇಳಿದ್ದರು. ಅವರಿಗೆ 200 ಎಂದು ಕೊಟ್ಟಿತ್ತು. ಈ ಒಬ್ಬರಿಗೆ ಮಾತ್ರ ಬಾಗಿಲು ಹಾಕಿತ್ತು.

ಕೋಣೆಯಲ್ಲಿ ವಾಸನೆ ಬಂದದ್ದು ಆಗಲೇ. ನೀರಿಳಿದ ಹೊತ್ತಿನ ಹೊಳೆಯ ಕೆಸರಿನ ವಾಸನೆ, ಅದರೊಳಗೆ ಬಾಡಿದ ಹೂವಿನ ವಾಸನೆ. ಕಿಟಕಿ ಮುಚ್ಚಿಯೇ ಇತ್ತು.

ಮೇಜಿನ ಮೇಲಿನ ಫೋನ್ ಹೊಡೆದುಕೊಂಡಿತು. ಎತ್ತಿಕೊಂಡೆ.

“ನಾ ದಿನೇಶ ಮಾತಾಡೂದು, ಕದ್ವಾಡದಿಂದ.” ಮೃದು ದನಿ ಇರಲಿಲ್ಲ, ಉಸಿರು ಎಳೆಯುತ್ತಿದ್ದ. “ಎಂತ ಮಾಡಿಟ್ಟೀರಿ ನೀವು? ಸವಿತಾನ ಪುಟ ತೆಗದ್ರೆ ಪ್ರವೇಶ ಇಲ್ಲ ಅಂತದೆ. ಹಳೇ ಪುಟ ತೆಗದ್ರೆ ಅವಳು ಬತ್ತಾಳೆ...”

“ದಿನೇಶ್, ನೇತ್ರಾ ಅವರ ಫೋಟೋ ಸೈಟಿನಲ್ಲಿ ಈಗ ಇಲ್ವೇ ಇಲ್ಲ. ನಾನೇ ಅಳಿಸಿದ್ದೇನೆ.”

“ಅದು ಹಳೇ ಫೋಟೋ ಅಲ್ವೇ ಅಲ್ಲ!” ಅವನು ಕಿರುಚಿದ. ಆಮೇಲೆ ದನಿ ಇಳಿಸಿದ. ಮನೆಯಲ್ಲಿ ಯಾರಿಗೂ ಕೇಳಬಾರದೆಂದು ಇರಬೇಕು. “ನೀರಲ್ಲಿದಾಳೆ. ಕುತ್ತಿಗೆ ತನಕ ನೀರು... ಕೈ ಮೇಲೆ ಮಾಡಿದಾಳೆ. ಈ ಫೋಟೋ ಯಾರು ತೆಗದ್ರು ಹೇಳಿ ನಂಗೆ. ಯಾರು ತೆಗೂಕೆ ಸಾಧ್ಯ? ಅಲ್ಲಿ ನಾ ಒಬ್ಬನೇ ಇದ್ದೆ.”

ಅವನು ಹೇಳಿದ್ದೇನು ಎಂಬುದು ಇಬ್ಬರಿಗೂ ಒಟ್ಟಿಗೇ ತಿಳಿದಿರಬೇಕು.

ಅಷ್ಟರಲ್ಲಿ ನೀರಿನ ಸದ್ದು ಕೇಳಿತು. ತಲೆಸ್ನಾನ ಮಾಡಿದವರು ಕೂದಲು ಹಿಂಡಿದಾಗ ನೆಲಕ್ಕೆ ಬೀಳುತ್ತದಲ್ಲ, ಆ ಸದ್ದು. ಫೋನಿನೊಳಗಿಂದ ಬರುತ್ತಿದೆ ಎಂದುಕೊಂಡೆ. ಅವನು ಫೋನ್ ಇಟ್ಟ. ಸದ್ದು ನಿಲ್ಲಲಿಲ್ಲ... ನನ್ನ ಬಾಗಿಲಿನ ಹೊರಗೆ, ಮೆಟ್ಟಿಲ ಮೇಲೆ ಬೀಳುತ್ತಿತ್ತು.

ನಾನು ಬಾಗಿಲು ತೆರೆಯಲಿಲ್ಲ. ಧೈರ್ಯವಂತ ಎಂದು ಸುಳ್ಳು ಹೇಳುವುದಿಲ್ಲ. ಕುರ್ಚಿಯ ಮೇಲೆ ಕಾಲು ಮಡಚಿ, ಲೈಟ್ ಉರಿಸಿಕೊಂಡು ಕೂತೆ. ಕೋಳಿ ಕೂಗುವ ಹೊತ್ತಿಗೆ ಸದ್ದೂ ಇರಲಿಲ್ಲ, ವಾಸನೆಯೂ ಇರಲಿಲ್ಲ. ಬಾಗಿಲು ತೆಗೆದರೆ ಮೆಟ್ಟಿಲು ಒಣಗಿ ಧೂಳು ಹಿಡಿದಿತ್ತು.

ಠಾಣೆಗೆ ತೋರಿಸಲಾದರೂ ಬರುತ್ತದೆ ಎಂದು ಸರ್ವರಿನ ಸಾಲುಗಳನ್ನು ತೆಗೆದು ನೋಡಿದೆ. ಒಂದೇ ಒಂದು 403 ಇಲ್ಲ. ನೇತ್ರಾಳ ಪುಟ ಕೇಳಿದ ಸಾಲುಗಳಲ್ಲೆಲ್ಲ 301, 301, 301. ನನ್ನ ನಿಯಮ ಹೇಗೆ ಹೇಳಿತ್ತೋ ಹಾಗೆ.

ಕೈಯಲ್ಲಿ ಪುರಾವೆ ಇಲ್ಲ. ಆದರೂ ಮನೆಗೆ ಹೋಗಿ ಮಲಗಲು ಮನಸ್ಸಾಗಲಿಲ್ಲ. ಸವಿತಾಳ ಕೈಯನ್ನು ಇನ್ನೇನು ಅವನ ಕೈಗೆ ಇಡುತ್ತಾರೆ. ಬೈಕ್ ಹತ್ತಿದೆ. ಬಿಣಗಾದ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರು ಹೆದ್ದಾರಿಯ ಪಕ್ಕ ಚಾ ಕುಡಿಯುತ್ತಿದ್ದರು. ನಾನು ಎಲ್ಲೂ ನಿಲ್ಲಿಸಲಿಲ್ಲ.

ಅಂಕೋಲೆಯಲ್ಲಿ ವಾಸುದೇವಣ್ಣನನ್ನು ಮನೆಯ ಹಿಂದೆ, ಬಲೆ ಒಣಹಾಕುವ ಜಾಗಕ್ಕೆ ಕರೆದು ಎಲ್ಲ ಹೇಳಿದೆ. ಅವನ ಮುಖ ಕಪ್ಪಿಟ್ಟಿತು.

“ನಿಂಗೆ ನಿದ್ದಿಗೆಟ್ಟು ತಲಿ ಕೆಟ್ಟದೆ ತಮಾ. ಹಂದರ ಹಾಕಾಗದೆ. ಈಗ ಇದೆಂತ ಮಾತು? ಯಾರ್ ಹತ್ರಾನೂ ಬಾಯಿ ಬಿಡಬ್ಯಾಡ.”

ಹಿತ್ತಿಲ ಬಾಗಿಲ ಹಿಂದೆ ಬಳೆಯ ಸದ್ದಾಯಿತು. ಸವಿತಾ ಅಲ್ಲೇ ನಿಂತಿದ್ದಳು.

ಗಂಡಿನವರು ಬಂದರು. ದಿನೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ, ಕಣ್ಣು ಕೆಂಪಾಗಿದ್ದವು. ನನ್ನನ್ನು ಕಂಡು ಗುರುತಿಲ್ಲದವನ ಹಾಗೆ ಮುಖ ತಿರುಗಿಸಿದ. ನಿಶ್ಚಿತಾರ್ಥದ ಸೀರೆಯಿಟ್ಟ ತಾಟು ಮುಂದೆ ಬಂತು. ಸವಿತಾ ಅದನ್ನು ಮುಟ್ಟಲಿಲ್ಲ.

“ನಿಮ್ಮ ಹತ್ರ ಒಂದ್ ಮಾತು ಕೇಳೂದದೆ,” ಎಂದಳು. “ಅಕ್ಕ ನೀರಲ್ಲಿ ಕೈ ಮೇಲೆ ಮಾಡ್ದಾಗ ನೀವು ಎಷ್ಟು ದೂರ ಇದ್ರಿ?”

ದಿನೇಶ ಅದಕ್ಕೆ ಅಲ್ಲ ಎನ್ನಲಿಲ್ಲ, ಸಿಟ್ಟಾಗಲೂ ಇಲ್ಲ. ತನ್ನ ಬಲಗೈಯನ್ನು ಮೆಲ್ಲಗೆ ತೊಡೆಯ ಕೆಳಗೆ ಬಚ್ಚಿಟ್ಟುಕೊಂಡ. ವಾಸುದೇವಣ್ಣ ಅದನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬಗ್ಗಿ ತಾಟನ್ನು ತಾನೇ ಎತ್ತಿ ಗಂಡಿನವರ ಮುಂದೆ ವಾಪಸಿಟ್ಟ.

“ಏಳಿ,” ಎಂದ. ಅಷ್ಟೇ.

ಗಂಡಿನವರು ಬಾಯಿಗೆ ಬಂದಂತೆ ಬೈದು ಹೋದರು. ಠಾಣೆಯಲ್ಲಿ ನನ್ನ ಮಾತು ಕೇಳಿ ಒಬ್ಬರು ನಕ್ಕರು, ಇನ್ನೊಬ್ಬರು ಕಾಫಿ ಕೊಟ್ಟು ಕಳಿಸಿದರು. ಅವನು ಆವತ್ತು ನೂಕಿದನೋ, ನಿಂತು ನೋಡಿದನೋ, ಹೆದರಿ ಓಡಿದನೋ ನನಗೆ ಇಂದಿಗೂ ಗೊತ್ತಿಲ್ಲ. ಸವಿತಾ ಟೀಚರ್ ಆಗಿದ್ದಾಳೆ. ಎಲ್ಲಾದರೂ ಎದುರು ಸಿಕ್ಕರೆ ಇಬ್ಬರೂ ಬೇರೆ ಮಾತಾಡುತ್ತೇವೆ.

ಆಮೇಲೊಂದು ಸಲ ಕಾರವಾರದ ಮೀನು ಮಾರ್ಕೆಟ್‌ನಲ್ಲಿ ದಿನೇಶನನ್ನು ಕಂಡೆ. ಜೊತೆಗೆ ಹೊಸ ಹೆಂಡತಿ. ದೂರದ ಊರಿನವಳಂತೆ, ಸಂಬಂಧವನ್ನು ಇನ್ಯಾವುದೋ ಸೈಟಿನಲ್ಲಿ ಹುಡುಕಿದರಂತೆ. ಆಕೆ ಬಂಗಡೆಯ ಬುಟ್ಟಿಯ ಮುಂದೆ ಕೂತು ನಗುನಗುತ್ತಾ ಚೌಕಾಸಿ ಮಾಡುತ್ತಿದ್ದಳು. ಅವನು ಹಿಂದೆ ನಿಂತು ಚೀಲ ಹಿಡಿದಿದ್ದ. ಹೋಗಿ ಹೇಳಲೇ ಎಂದುಕೊಂಡೆ... ಏನೆಂದು ಹೇಳುವುದು? ಚೀಲ ಹಿಡಿದು ನಾನೂ ಅಲ್ಲೇ ನಿಂತಿದ್ದೆ, ಅವರು ಜನರ ನಡುವೆ ಮರೆಯಾಗುವ ತನಕ.

ಸವಿತಾಳಿಗೆ ಬಾಗಿಲಿಗೆ ಅಡ್ಡ ನಿಲ್ಲಲು ಅಕ್ಕ ಇದ್ದಳು. ಈಕೆಗೆ ಒಬ್ಬ ಅಕ್ಕ ಇದ್ದಾಳೋ ಇಲ್ಲವೋ, ನನಗೆ ಗೊತ್ತಿಲ್ಲ.